ಸ್ವಿಫ್ಟ್: ನಗೆಯ ಬಲ ಮತ್ತು ನಗೆಯ ಮಿತಿ

ಜೊನಾಥನ್ ಸ್ವಿಫ್ಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಲಿಲಿಪುಟ್ಟಿನ ಅಂಗುಲದಳತೆಯ ಮನುಷ್ಯರು. ಮಕ್ಕಳಿಗಾಗಿ ಸಂಕ್ಷೇಪಿಸಿದ ಗಲಿವರನ ಕಥೆಯನ್ನು ಓದಿ ಮುಗಿಸಿ, ಅದನ್ನು ಬರೆದವನನ್ನೂ ಅಲ್ಲಿಗೇ ಮುಗಿಸಿಬಿಡುತ್ತೇವೆ. ಆದರೆ 1726ರಲ್ಲಿ ಆ ಪುಸ್ತಕ ಲಂಡನ್ನಿನಲ್ಲಿ ಹೊರಬಂದಾಗ ಸ್ವಿಫ್ಟನಿಗೆ ಐವತ್ತೆಂಟು ವರ್ಷ. ಅಷ್ಟರಲ್ಲಿ ಅವನು ಒಂದು ಸರ್ಕಾರದ ಪರವಾಗಿ ಪತ್ರಿಕೆ ನಡೆಸಿದ್ದ, ದೊಡ್ಡದೊಂದು ಯುದ್ಧವನ್ನು ನಿಲ್ಲಿಸಬೇಕೆಂದು ಜನಮತ ಎಬ್ಬಿಸಿದ್ದ, ಒಂದು ನಾಣ್ಯ ಐರ್ಲೆಂಡಿನಲ್ಲಿ ಚಲಾವಣೆಯಾಗದಂತೆ ತಡೆದಿದ್ದ. ಇಬ್ಬರು ವಿದ್ವಾಂಸರನ್ನು, ಒಬ್ಬ ಜ್ಯೋತಿಷಿಯನ್ನು, ಒಬ್ಬ ಹಳೆಯ ಗೆಳೆಯನನ್ನು ಊರೇ ನಗುವಂತೆ ಹಣಿದಿದ್ದ. ಅವನ ಬರಹಗಳ ಕರ್ತೃವನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂದು ಎರಡು ಸಲ ಸರ್ಕಾರಿ ಘೋಷಣೆ ಹೊರಟಿತ್ತು.

ಈ ಜಗಳಗಳನ್ನೆಲ್ಲ ಒಟ್ಟಿಗಿಟ್ಟು ಓದಿದರೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಲೇಖನಿ ಒಂದೇ, ಪ್ರತಿಭೆ ಒಂದೇ, ಸಿಟ್ಟೂ ಒಂದೇ. ಹಾಗಿದ್ದರೂ ಅವನ ಕೆಲವು ಬರಹಗಳು ಮುನ್ನೂರು ವರ್ಷಗಳ ನಂತರವೂ ನ್ಯಾಯದ ಮಾತಾಗಿ ಕೇಳುತ್ತವೆ. ಇನ್ನು ಕೆಲವನ್ನು ಶೈಲಿಗಾಗಿ ಮೆಚ್ಚುತ್ತಲೇ ಮನಸ್ಸು ಹಿಂಜರಿಯುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ಸತ್ಯದ ಪರ ಬರೆದಾಗ ಗೆದ್ದ, ಸುಳ್ಳಿನ ಪರ ಬರೆದಾಗ ಸೋತ ಎಂದು ಹೇಳಿ ಮುಗಿಸುವ ಹಾಗಿಲ್ಲ. ವಾಸ್ತವಾಂಶಗಳ ಮಟ್ಟದಲ್ಲಿ ನೋಡಿದರೆ ಅವನ ಅತ್ಯಂತ ಕೀರ್ತಿವಂತ ಹೋರಾಟದಲ್ಲೂ ಎದುರಾಳಿಯ ಬಳಿ ಬಲವಾದ ದಾಖಲೆಯಿತ್ತು. ನನ್ನ ವಾದ ಇದು: ವಿಡಂಬನೆಗೆ ತನ್ನದೇ ಆದ ಅಧಿಕಾರವ್ಯಾಪ್ತಿ ಇದೆ. ಅಧಿಕಾರ ಇರುವವರನ್ನು ಉತ್ತರಕ್ಕೆ ಎಳೆದು ನಿಲ್ಲಿಸುವುದು ಆ ವ್ಯಾಪ್ತಿಯೊಳಗಿನ ಕೆಲಸ. ಯಾವುದು ನಡೆದದ್ದು, ಯಾವುದು ನಡೆಯದ್ದು ಎಂದು ತೀರ್ಮಾನಿಸುವುದು ಅದರ ಹೊರಗಿನದು. ಸ್ವಿಫ್ಟ್ ಈ ಗೆರೆಯ ಎರಡೂ ಕಡೆ ಬರೆದ. ಆದ್ದರಿಂದಲೇ ಅವನ ಬದುಕು ಈ ಮಾತಿಗೆ ಒಳ್ಳೆಯ ಪರೀಕ್ಷೆ.

ಮೊದಲ ಜಗಳ ಪುಸ್ತಕಗಳದ್ದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಗ್ರೀಕ್-ರೋಮನ್ ಪ್ರಾಚೀನರು ದೊಡ್ಡವರೋ, ಹೊಸ ವಿಜ್ಞಾನ ಮತ್ತು ಹೊಸ ವಿದ್ವತ್ತಿನ ಆಧುನಿಕರು ದೊಡ್ಡವರೋ ಎಂಬ ವಾದ ಫ್ರಾನ್ಸಿನಿಂದ ಇಂಗ್ಲೆಂಡಿಗೂ ಹಬ್ಬಿತ್ತು. ಡಬ್ಲಿನ್ನಿನಲ್ಲಿ ಹುಟ್ಟಿದ ಸ್ವಿಫ್ಟ್ ಆಗ ಇಂಗ್ಲೆಂಡಿನ ಮೂರ್ ಪಾರ್ಕಿನಲ್ಲಿ ಸರ್ ವಿಲಿಯಂ ಟೆಂಪಲ್ ಎಂಬ ನಿವೃತ್ತ ರಾಯಭಾರಿಯ ಕಾರ್ಯದರ್ಶಿಯಾಗಿದ್ದ. ಟೆಂಪಲ್ 1690ರಲ್ಲಿ ಪ್ರಾಚೀನರ ಪರ ಪ್ರಬಂಧ ಬರೆದು, ಈಸೋಪನ ಕಥೆಗಳನ್ನೂ ಸಿಸಿಲಿಯ ದೊರೆ ಫಲಾರಿಸನದೆನ್ನಲಾದ ಪತ್ರಗಳನ್ನೂ ಪ್ರಾಚೀನ ಗದ್ಯದ ಶ್ರೇಷ್ಠ ಮಾದರಿಗಳೆಂದು ಹೊಗಳಿದ. 1694ರಲ್ಲಿ ವಿಲಿಯಂ ವಾಟನ್ ಎಂಬ ವಿದ್ವಾಂಸ ಅದಕ್ಕೆ ಉತ್ತರ ಬರೆದ. ಅವನ ಗೆಳೆಯ ರಿಚರ್ಡ್ ಬೆಂಟ್ಲಿ 1697ರಲ್ಲಿ, ಮತ್ತೆ 1699ರಲ್ಲಿ ಇನ್ನೂ ವಿಸ್ತಾರವಾಗಿ, ಆ ಪತ್ರಗಳು ಫಲಾರಿಸನವೇ ಅಲ್ಲವೆಂದು ತೋರಿಸಿದ. ಕ್ರಿಸ್ತಪೂರ್ವ ಆರನೆಯ ಶತಮಾನದ ದೊರೆಯ ಪತ್ರದಲ್ಲಿ ಅವನ ಕಾಲದಲ್ಲಿ ಇನ್ನೂ ಕಟ್ಟಿರದ ಊರುಗಳ ಹೆಸರಿದ್ದವು. ಸಿಸಿಲಿಯ ಡೋರಿಕ್ ನುಡಿಯ ಬದಲು ಅಥೆನ್ಸಿನ ಅಟ್ಟಿಕ್ ನುಡಿಯಿತ್ತು. ನಾಣ್ಯಗಳ ಲೆಕ್ಕವೂ ಆ ಕಾಲದ್ದಾಗಿರಲಿಲ್ಲ. ಪತ್ರಗಳು ಎಷ್ಟೋ ಶತಮಾನಗಳ ನಂತರ ಯಾರೋ ಹೊಸೆದವು. ಪಠ್ಯವೊಂದರ ಕಾಲವನ್ನು ಅದರ ಒಳಗಿನ ಸಾಕ್ಷ್ಯದಿಂದಲೇ ನಿರ್ಣಯಿಸುವ ವಿದ್ವತ್ತಿಗೆ ಬೆಂಟ್ಲಿಯ ಈ ಕೆಲಸ ಇಂದಿಗೂ ಮೇಲ್ಪಂಕ್ತಿ.

ಸ್ವಿಫ್ಟ್ ತನ್ನ ಆಶ್ರಯದಾತನ ನೆರವಿಗೆ ಬಂದದ್ದು ‘ಪುಸ್ತಕಗಳ ಕದನ’ದ ಮೂಲಕ. 1704ರಲ್ಲಿ ಅವನದೇ ಇನ್ನೊಂದು ವಿಡಂಬನೆ ‘ಎ ಟೇಲ್ ಆಫ್ ಎ ಟಬ್’ ಜೊತೆ ಪ್ರಕಟವಾದ ಈ ಕೃತಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಗ್ರಂಥಾಲಯವೇ ರಣರಂಗ. ಬೆಂಟ್ಲಿ ಅದೇ ಗ್ರಂಥಾಲಯದ ಪಾಲಕ. ಕಪಾಟಿನ ಪುಸ್ತಕಗಳು ಪ್ರಾಚೀನ-ಆಧುನಿಕ ಪಡೆಗಳಾಗಿ ಹೋಮರನ ಮಹಾಕಾವ್ಯದ ಧಾಟಿಯಲ್ಲಿ ಹೊಡೆದಾಡುತ್ತವೆ. ಕೊನೆಯಲ್ಲಿ ಫಲಾರಿಸನ ಪತ್ರಗಳ ಸಂಪಾದಕ ಚಾರ್ಲ್ಸ್ ಬಾಯ್ಲ್ ಒಂದೇ ಭರ್ಜಿಯಿಂದ ಬೆಂಟ್ಲಿ, ವಾಟನ್ ಇಬ್ಬರನ್ನೂ ಚುಚ್ಚಿ ಕೆಡವುತ್ತಾನೆ. ನಡುವೆ ಬರುವ ಜೇಡ ಮತ್ತು ಜೇನಿನ ಸಂವಾದವಂತೂ ಅಪೂರ್ವ. ಜೇಡ ಎಲ್ಲವನ್ನೂ ತನ್ನ ಹೊಟ್ಟೆಯಿಂದಲೇ ತೆಗೆದು ನೇಯುತ್ತೇನೆಂದು ಬೀಗುತ್ತದೆ. ಜೇನು ಹೂವಿಂದ ಹೂವಿಗೆ ಅಲೆದು ಜೇನುತುಪ್ಪವನ್ನೂ ಮೇಣವನ್ನೂ ಮನೆಗೆ ತರುತ್ತದೆ. ಪರಂಪರೆಯಿಂದ ಪಡೆಯುವ ವಿನಯ ಮತ್ತು ತಾನೇ ಸಾಕೆಂಬ ಅಹಂಕಾರ ಎರಡನ್ನೂ ಇಷ್ಟು ಚೊಕ್ಕವಾಗಿ ಎದುರುಬದುರು ನಿಲ್ಲಿಸಿದ ಗದ್ಯ ಅಪರೂಪ.

ಆದರೆ ಫಲಾರಿಸನ ಪತ್ರಗಳು ಖೋಟಾ ಎಂಬ ವಿಷಯಕ್ಕೆ ಸ್ವಿಫ್ಟನಲ್ಲಿ ಉತ್ತರವಿರಲಿಲ್ಲ. ಅವನು ಉತ್ತರಿಸುವ ಯತ್ನವನ್ನೂ ಮಾಡಲಿಲ್ಲ. ಬೆಂಟ್ಲಿಯ ಒರಟುತನವನ್ನು, ಒಣ ಪಾಂಡಿತ್ಯದ ಸೊಕ್ಕನ್ನು ನಗೆಗೀಡು ಮಾಡಿದ, ಓದುಗರು ನಕ್ಕರು, ನಕ್ಕವರಿಗೆ ಬೆಂಟ್ಲಿಯ ಸಾಕ್ಷ್ಯವೇ ಬಿದ್ದುಹೋದಂತೆ ಕಂಡಿತು. ವಾಟನನ ಗತಿ ಇನ್ನೂ ಪಾಪ. ಅವನು 1705ರಲ್ಲಿ ‘ಟೇಲ್ ಆಫ್ ಎ ಟಬ್’ ಕೃತಿಯ ಸಂಕೇತಗಳನ್ನೆಲ್ಲ ಒಂದೊಂದಾಗಿ ಬಿಡಿಸಿ, ಇದು ಧರ್ಮವನ್ನೇ ಹೀಗಳೆಯುವ ಪುಸ್ತಕವೆಂದು ಟೀಕೆ ಬರೆದ. ಸ್ವಿಫ್ಟ್ 1710ರ ಐದನೆಯ ಆವೃತ್ತಿಯಲ್ಲಿ ಆ ಟೀಕೆಯ ಸಾಲುಗಳನ್ನೇ ವಾಟನನ ಹೆಸರು ಸಮೇತ ಅಡಿಟಿಪ್ಪಣಿಗಳಾಗಿ ಹಾಕಿಬಿಟ್ಟ. ಆಕ್ಷೇಪ ಎತ್ತಿದವನೇ ಪುಟದ ಕೆಳಗೆ ಪುಸ್ತಕಕ್ಕೆ ಅರ್ಥ ಹೇಳುವ ವ್ಯಾಖ್ಯಾನಕಾರನಾಗಿ ಕುಳಿತ. ಸಾಹಿತ್ಯದ ಜಗಳಗಳಲ್ಲಿ ಇಷ್ಟು ಜಾಣತನದ ಪೆಟ್ಟು ವಿರಳ. ವಾಟನ್ ಎತ್ತಿದ ಪ್ರಶ್ನೆಗೆ ಮಾತ್ರ ಇದು ಉತ್ತರವಾಗಲಿಲ್ಲ.

ಇದರ ಮುಂದಿನ ಹೆಜ್ಜೆಯನ್ನು 1708ರಲ್ಲಿ ಕಾಣುತ್ತೇವೆ. ಜಾನ್ ಪಾರ್ಟ್ರಿಜ್ ಲಂಡನ್ನಿನ ಪಂಚಾಂಗಕರ್ತ, ಭವಿಷ್ಯ ಹೇಳುವವನು, ಚರ್ಚಿನ ಮೇಲೆ ಕಿಡಿಕಾರುತ್ತಿದ್ದವನು. ಸ್ವಿಫ್ಟ್ ಐಸಾಕ್ ಬಿಕರ್‌ಸ್ಟಾಫ್ ಎಂಬ ಕಲ್ಪಿತ ಜ್ಯೋತಿಷಿಯ ಹೆಸರಿನಲ್ಲಿ ಒಂದು ಭವಿಷ್ಯ ಪ್ರಕಟಿಸಿದ: ಬರುವ ಮಾರ್ಚ್ 29ರ ರಾತ್ರಿ ಸುಮಾರು ಹನ್ನೊಂದಕ್ಕೆ ಪಾರ್ಟ್ರಿಜ್ ಜ್ವರದಿಂದ ಸಾಯುತ್ತಾನೆ. ಆ ದಿನ ಕಳೆಯುತ್ತಲೇ ಸಾವಿನ ವರದಿಯೂ ಚರಮಗೀತೆಯೂ ಹೊರಬಿದ್ದವು. ಪಾರ್ಟ್ರಿಜ್ ತನ್ನ ಮುಂದಿನ ಪಂಚಾಂಗದಲ್ಲಿ ತಾನು ಬದುಕಿದ್ದೇನೆಂದು ಅಚ್ಚು ಹಾಕಿಸಿದ. ಬಿಕರ್‌ಸ್ಟಾಫ್ 1709ರಲ್ಲಿ ಅದಕ್ಕೂ ಉತ್ತರ ಬರೆದು, ಅವನು ಸತ್ತದ್ದು ಖಚಿತವೆಂದು ಸಾಧಿಸಿದ. ಭವಿಷ್ಯ ಹೇಳಿ ಜನರನ್ನು ವಂಚಿಸುವವನಿಗೆ ಅವನದೇ ವಿದ್ಯೆಯಿಂದ ಪಾಠ ಕಲಿಸಿದ ಚಾತುರ್ಯಕ್ಕೆ ಲಂಡನ್ ತಲೆದೂಗಿತು. ವಂಚಕ ಜ್ಯೋತಿಷ್ಯವನ್ನು ಬಯಲಿಗೆಳೆಯುವ ಮಟ್ಟಿಗೆ ಅದು ನ್ಯಾಯವೇ. ಆದರೂ ಈ ಪ್ರಸಂಗದ ಇನ್ನೊಂದು ಮುಖವನ್ನು ಮರೆಯಬಾರದು. ಉಸಿರಾಡುತ್ತಿರುವ ಮನುಷ್ಯ ತಾನು ಬದುಕಿದ್ದೇನೆಂದು ಕೂಗಿ ಹೇಳಿದರೂ ನಗೆಯ ಮುಂದೆ ಅವನ ಮಾತು ನಡೆಯಲಿಲ್ಲ. ನಗುವ ಗುಂಪಿಗೆ ವಾಸ್ತವದ ಹಂಗಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅದೇ 1709ರಲ್ಲಿ ಗೆಳೆಯ ರಿಚರ್ಡ್ ಸ್ಟೀಲ್ ‘ಟ್ಯಾಟ್ಲರ್’ ಪತ್ರಿಕೆ ಆರಂಭಿಸಿದಾಗ ಬಿಕರ್‌ಸ್ಟಾಫನ ಹೆಸರನ್ನೇ ಎರವಲು ಪಡೆದ; ಸ್ವಿಫ್ಟ್ ಅದಕ್ಕೆ ಬರೆದ. ಐದು ವರ್ಷಗಳೊಳಗೆ ಈ ಗೆಳೆತನ ರಾಜಕೀಯಕ್ಕೆ ಆಹುತಿಯಾಯಿತು. 1701ರಲ್ಲಿ ವಿಗ್ ಪಕ್ಷದ ಪರ ಬರೆದಿದ್ದ ಸ್ವಿಫ್ಟ್ 1710ರಲ್ಲಿ ಟೋರಿ ನಾಯಕ ರಾಬರ್ಟ್ ಹಾರ್ಲಿಯ ಬಳಗ ಸೇರಿದ. ಐರ್ಲೆಂಡಿನ ಚರ್ಚಿಗೆ ಬರಬೇಕಾದ ಹಣದ ವಿಷಯದಲ್ಲಿ ವಿಗ್ಗರು ಅವನನ್ನು ಸತಾಯಿಸಿದ್ದರು. ಆಂಗ್ಲಿಕನ್ ಚರ್ಚಿನ ಹಿತವೇ ಅವನಿಗೆ ಪಕ್ಷಕ್ಕಿಂತ ದೊಡ್ಡದಾಗಿತ್ತು. ಅವನನ್ನು ಬರೀ ಪಕ್ಷಾಂತರಿ ಎಂದು ಕರೆಯುವುದು ತಪ್ಪು. 1710ರ ನವೆಂಬರಿನಿಂದ 1711ರ ಜೂನ್‌ವರೆಗೆ ಅವನು ‘ಎಕ್ಸಾಮಿನರ್’ ವಾರಪತ್ರಿಕೆಗೆ ಬರೆದ. 1711ರ ನವೆಂಬರಿನಲ್ಲಿ ಪ್ರಕಟವಾದ ‘ಮಿತ್ರರಾಷ್ಟ್ರಗಳ ನಡವಳಿಕೆ’ ಎಂಬ ಪುಸ್ತಿಕೆ, ಫ್ರಾನ್ಸಿನ ವಿರುದ್ಧದ ಯುದ್ಧ ಯಾರಿಗೆ ಲಾಭ, ಯಾರ ತೆರಿಗೆಗೆ ಭಾರ ಎಂದು ಲೆಕ್ಕ ಕೇಳಿತು. ಎರಡು ತಿಂಗಳಲ್ಲಿ ಸುಮಾರು 11,000 ಪ್ರತಿಗಳು ಖರ್ಚಾದವು. ಡಿಸೆಂಬರ್ ಕೊನೆಗೆ ಸೇನಾಪತಿ ಮಾರ್ಲ್‌ಬರೊ ಪದಚ್ಯುತನಾದ.

ಸ್ವಿಫ್ಟ್ ಹಣಕ್ಕೆ ಬರೆದವನಲ್ಲ. ಹಾರ್ಲಿ 50 ಪೌಂಡಿನ ನೋಟು ಕಳಿಸಿದಾಗ ಅವಮಾನವಾಯಿತೆಂದು ಹಿಂದಿರುಗಿಸಿದ. ಆದರೆ ಹಣ ಮುಟ್ಟದವನನ್ನೂ ಅಧಿಕಾರದ ಸಾಮೀಪ್ಯ ಮುಟ್ಟುತ್ತದೆ. ಮಂತ್ರಿಗಳ ಊಟದ ಮೇಜಿನಲ್ಲಿ ತನಗೆ ಸಿಗುವ ಸಲುಗೆಯನ್ನು ಅವನು ಡಬ್ಲಿನ್ನಿನ ಗೆಳತಿ ಎಸ್ತರ್ ಜಾನ್ಸನ್‌ಳಿಗೆ ದಿನದಿನವೂ ಬರೆದು ತಿಳಿಸುತ್ತಿದ್ದ. ರಾಜಕೀಯದ ಸುಳ್ಳು ಹೇಗೆ ಹುಟ್ಟುತ್ತದೆ, ಹೇಗೆ ಹಬ್ಬುತ್ತದೆ ಎಂದು ‘ಎಕ್ಸಾಮಿನರ್’ನಲ್ಲಿ ಅತ್ಯಂತ ಮೊನಚಾಗಿ ಬರೆದವನು ಅವನೇ, ಆ ಮೊನಚು ಎದುರು ಪಕ್ಷದ ಕಡೆಗಷ್ಟೇ ತಿರುಗಿತ್ತು. 1714ರ ಜನವರಿಯಲ್ಲಿ ಸ್ಟೀಲ್ ‘ದಿ ಕ್ರೈಸಿಸ್’ ಬರೆದು, ರಾಣಿ ಆ್ಯನಳ ನಂತರ ಪ್ರಾಟೆಸ್ಟೆಂಟ್ ಉತ್ತರಾಧಿಕಾರಕ್ಕೆ ಅಪಾಯವಿದೆಯೆಂದು ಎಚ್ಚರಿಸಿದ. ಸ್ವಿಫ್ಟ್ ‘ವಿಗ್ಗರ ಸಾರ್ವಜನಿಕ ಮನೋಭಾವ’ ಎಂಬ ಪುಸ್ತಿಕೆಯಲ್ಲಿ ಅವನ ವ್ಯಾಕರಣವನ್ನು, ವಿದ್ಯೆಯನ್ನು, ವ್ಯಕ್ತಿತ್ವವನ್ನು ಚಿಂದಿ ಮಾಡಿದ. ಮಾರ್ಚಿನಲ್ಲಿ ಟೋರಿ ಬಹುಮತದ ಸಂಸತ್ತು ಸ್ಟೀಲನನ್ನು ಸದಸ್ಯತ್ವದಿಂದ ಹೊರಹಾಕಿತು. ಲೇಖಕನೊಬ್ಬ ಬರೆದದ್ದಕ್ಕಾಗಿ ಸದನದಿಂದ ಹೊರಬಿದ್ದಾಗ ಇನ್ನೊಬ್ಬ ಲೇಖಕ ಹೊರಹಾಕಿದವರ ಪಕ್ಕದಲ್ಲಿ ನಿಂತಿದ್ದ. ಸ್ವಿಫ್ಟನ ಸಾರ್ವಜನಿಕ ಬದುಕಿನಲ್ಲಿ ಇದು ಅತ್ಯಂತ ನೋವಿನ ದೃಶ್ಯವೆಂದು ನನಗನ್ನಿಸುತ್ತದೆ. ಅವನ ಗದ್ಯ ಅಲ್ಲೂ ಚೆನ್ನಾಗಿಯೇ ಇದೆ. ಕೆಟ್ಟದ್ದು ನಿಂತ ಜಾಗ.

ಆ ಪುಸ್ತಿಕೆಯಲ್ಲಿ ಸ್ಕಾಟ್ಲೆಂಡಿನವರ ಬಗ್ಗೆ ಬಂದ ಮಾತಿಗೆ ಅಲ್ಲಿನ ಪ್ರಭುಗಳು ಕೆರಳಿ, ಅನಾಮಿಕ ಕರ್ತೃವಿನ ಪತ್ತೆಗೆ 300 ಪೌಂಡ್ ಬಹುಮಾನ ಘೋಷಣೆಯಾಯಿತು. ಕರ್ತೃ ಯಾರೆಂದು ಬಲ್ಲ ಹಾರ್ಲಿ ಸದನದಲ್ಲಿ ತನಗೇನೂ ಗೊತ್ತಿಲ್ಲವೆಂಬಂತಿದ್ದು, ಮುದ್ರಕನ ಖರ್ಚಿಗೆಂದು ಗುಟ್ಟಾಗಿ ಹಣ ಕಳಿಸಿದ. 1714ರಲ್ಲಿ ಸ್ವಿಫ್ಟನನ್ನು ಕಾಪಾಡಿದ್ದು ಒಬ್ಬ ಮಂತ್ರಿ. ಹತ್ತು ವರ್ಷಗಳ ನಂತರ ಮತ್ತೆ ಅಷ್ಟೇ ಮೊತ್ತದ ಬಹುಮಾನ ಘೋಷಣೆಯಾದಾಗ ಅವನನ್ನು ಕಾಪಾಡಿದವರೇ ಬೇರೆ.

1714ರ ಆಗಸ್ಟ್ 1ರಂದು ರಾಣಿ ಆ್ಯನ್ ತೀರಿಕೊಂಡಳು. ಟೋರಿಗಳ ಕಾಲ ಮುಗಿಯಿತು. ಹಿಂದಿನ ವರ್ಷವಷ್ಟೇ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ಲಿನ ಡೀನ್ ಆಗಿ ನೇಮಕಗೊಂಡಿದ್ದ ಸ್ವಿಫ್ಟ್ ಅಲ್ಲಿಗೆ ಮರಳಿದ. ಅದು ಅವನಿಗೆ ಬಹುಮಾನವಾಗಿರಲಿಲ್ಲ, ಗಡೀಪಾರಾಗಿತ್ತು. ಆರು ವರ್ಷ ರಾಜಕೀಯದಲ್ಲಿ ಹೆಚ್ಚುಕಡಿಮೆ ಮೌನ. ಆ ಮೌನದಲ್ಲಿ ಅವನು ಕಂಡ ಐರ್ಲೆಂಡ್ ಹೀಗಿತ್ತು: 1699ರ ಕಾನೂನು ಉಣ್ಣೆ ಬಟ್ಟೆಯ ರಫ್ತನ್ನು ಕತ್ತರಿಸಿತ್ತು. ಭೂಮಾಲೀಕರು ಇಂಗ್ಲೆಂಡಿನಲ್ಲಿದ್ದು ಗೇಣಿಯನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದರು. 1720ರ ಕಾಯ್ದೆ ಐರ್ಲೆಂಡಿನ ಮೇಲೆ ಶಾಸನ ಮಾಡುವ ಹಕ್ಕು ಬ್ರಿಟಿಷ್ ಸಂಸತ್ತಿಗಿದೆಯೆಂದು ಸಾರಿತು. ಆ ವರ್ಷವೇ ಸ್ವಿಫ್ಟ್, ಐರಿಷ್ ಜನ ತಮ್ಮ ದೇಶದಲ್ಲಿ ತಯಾರಾದ ಬಟ್ಟೆಯನ್ನೇ ಉಡಬೇಕು, ಇಂಗ್ಲಿಷ್ ಬಟ್ಟೆಯನ್ನು ತ್ಯಜಿಸಬೇಕು ಎಂಬ ಪುಸ್ತಿಕೆಯೊಂದಿಗೆ ಮೌನ ಮುರಿದ. ಸ್ವದೇಶಿ ಚಳವಳಿಯ ನೆನಪುಳ್ಳ ನಮಗೆ ಈ ಮಾತಿನ ತೂಕವನ್ನು ವಿವರಿಸಬೇಕಿಲ್ಲ.

ಪುಸ್ತಿಕೆಯ ಮುದ್ರಕ ಎಡ್ವರ್ಡ್ ವಾಟರ್ಸ್ ಮೇಲೆ ಮೊಕದ್ದಮೆ ಹೂಡಲಾಯಿತು. ಜ್ಯೂರಿಯವರು ಅವನು ನಿರಪರಾಧಿ ಎಂದರು. ಮುಖ್ಯ ನ್ಯಾಯಾಧೀಶ ವಿಟ್ಶೆಡ್ ಒಪ್ಪದೆ ಮರುವಿಚಾರಕ್ಕೆ ಒಳಗೆ ಕಳಿಸಿದ. ಅವರು ಮತ್ತೆ ಅದನ್ನೇ ಹೇಳಿದರು. ಹೀಗೆ ಒಂಬತ್ತು ಸಲ ಕಳಿಸಿದ, ಹನ್ನೊಂದು ಗಂಟೆ ಕಾಲ ಕೂಡಿಹಾಕಿದ. ದಣಿದ ಜ್ಯೂರಿ ಕೊನೆಗೆ ತೀರ್ಮಾನವನ್ನು ನ್ಯಾಯಾಧೀಶನಿಗೇ ಬಿಟ್ಟಿತು. ಮುಂದೆ ಸರ್ಕಾರವೇ ಮೊಕದ್ದಮೆ ಕೈಬಿಟ್ಟಿತು. ಆ ಹನ್ನೊಂದು ಗಂಟೆಗಳು ಸ್ವಿಫ್ಟನಿಗೆ ಕಲಿಸಿದ್ದನ್ನು ಹಾರ್ಲಿಯ ಊಟದ ಮೇಜು ಕಲಿಸಿರಲಿಲ್ಲ. ಹೆಸರಿಲ್ಲದ ಸಾಮಾನ್ಯ ಡಬ್ಲಿನ್ನಿಗರು ಒಂದು ಬರಹಕ್ಕಾಗಿ ನ್ಯಾಯಾಧೀಶನ ಎದುರು ಒಂಬತ್ತು ಸಲ ಗಟ್ಟಿಯಾಗಿ ನಿಂತಿದ್ದರು.

ನಂತರ ಬಂದದ್ದು ನಾಣ್ಯದ ಪ್ರಕರಣ. 1722ರಲ್ಲಿ ವಿಲಿಯಂ ವುಡ್ ಎಂಬ ಇಂಗ್ಲಿಷ್ ಲೋಹ ವ್ಯಾಪಾರಿಗೆ ಐರ್ಲೆಂಡಿಗಾಗಿ ಸುಮಾರು ಒಂದು ಲಕ್ಷ ಪೌಂಡ್ ಮೌಲ್ಯದ ತಾಮ್ರದ ನಾಣ್ಯ ಟಂಕಿಸುವ ಪರವಾನಗಿ ಸಿಕ್ಕಿತು. ಅದು ದೊರೆಯ ಪ್ರೇಯಸಿ ಡಚೆಸ್ ಆಫ್ ಕೆಂಡಲ್ ಮೂಲಕ, ಆಕೆಗೆ 10,000 ಪೌಂಡ್ ಸಲ್ಲಿಸಿ ಪಡೆದ ಪರವಾನಗಿ. ಐರ್ಲೆಂಡಿನ ಸಂಸತ್ತನ್ನು ಯಾರೂ ಕೇಳಲಿಲ್ಲ. 1724ರಲ್ಲಿ ಸ್ವಿಫ್ಟ್ ಡಬ್ಲಿನ್ನಿನ ಒಬ್ಬ ಜವಳಿ ವ್ಯಾಪಾರಿಯ ವೇಷದಲ್ಲಿ, ಎಂ.ಬಿ. ಎಂಬ ಸಹಿಯಲ್ಲಿ, ಅಂಗಡಿಯವರಿಗೆ, ಕುಶಲಕರ್ಮಿಗಳಿಗೆ, ರೈತರಿಗೆ ಪತ್ರ ಬರೆಯತೊಡಗಿದ. ಪುಟ್ಟ ವಾಕ್ಯಗಳು, ಕಡಿಮೆ ಬೆಲೆ. ಈ ನಾಣ್ಯ ಬಂದರೆ ಗೇಣಿ ಸಾಗಿಸಲು ಭೂಮಾಲೀಕನಿಗೆ ನೂರಾರು ಕುದುರೆ ಬೇಕಾಗುತ್ತದೆ, ಪೇಟೆಗೆ ಹೊರಟ ಹೆಂಗಸಿನ ಹಿಂದೆ ನಾಣ್ಯದ ಗಾಡಿ ಹೋಗಬೇಕಾಗುತ್ತದೆ ಎಂಬಂಥ ಚಿತ್ರಗಳು ಎಲ್ಲರ ಬಾಯಲ್ಲಿ ಓಡಾಡಿದವು.

ಇವು ಉತ್ಪ್ರೇಕ್ಷೆಗಳು. ಅಷ್ಟೇ ಅಲ್ಲ, ಲಂಡನ್ ಟಂಕಸಾಲೆಯಲ್ಲಿ ಆ ನಾಣ್ಯಗಳ ಪರೀಕ್ಷೆಯೂ ನಡೆದಿತ್ತು. ಪರೀಕ್ಷೆಯ ಹೊಣೆ ಹೊತ್ತವನು ಟಂಕಸಾಲೆಯ ಮುಖ್ಯಸ್ಥ ಐಸಾಕ್ ನ್ಯೂಟನ್. 1724ರ ವರದಿ, ನಾಣ್ಯಗಳು ಪರವಾನಗಿಯ ಷರತ್ತಿಗೆ ತಕ್ಕ ಗುಣಮಟ್ಟದಲ್ಲಿವೆ ಎಂದಿತು. ಪರೀಕ್ಷೆಗೆ ಕೊಟ್ಟ ಮಾದರಿ ಚೆನ್ನಾಗಿದ್ದ ಮಾತ್ರಕ್ಕೆ ಮುಂದೆ ಬರುವುದೆಲ್ಲ ಚೆನ್ನಾಗಿರುತ್ತದೆಯೇ ಎಂದು ಸ್ವಿಫ್ಟ್ ಕೇಳಿದ. ಅದು ನ್ಯಾಯವಾದ ಪ್ರಶ್ನೆ. ಆದರೂ ದಾಖಲೆಯ ಮಟ್ಟದಲ್ಲಿ ನ್ಯೂಟನನ ವರದಿಯನ್ನು ಅವನು ಸುಳ್ಳು ಮಾಡಲಿಲ್ಲ.

ಇಲ್ಲಿ ಎರಡು ಜಗಳಗಳನ್ನು ಅಕ್ಕಪಕ್ಕ ಇಡೋಣ. ಒಂದರಲ್ಲಿ ಸ್ವಿಫ್ಟನ ಎದುರಿಗೆ ಬೆಂಟ್ಲಿಯ ಪ್ರಮಾಣ, ಇನ್ನೊಂದರಲ್ಲಿ ನ್ಯೂಟನನ ಪ್ರಮಾಣ. ತಮ್ಮ ಕಾಲದ ಅತಿ ದೊಡ್ಡ ವಿದ್ವಾಂಸ, ಅತಿ ದೊಡ್ಡ ವಿಜ್ಞಾನಿ. ಇಬ್ಬರ ಮಾತಿಗೂ ಆಧಾರವಿತ್ತು. ಎರಡು ಸಲವೂ ಸ್ವಿಫ್ಟ್ ನಗೆಯನ್ನೇ ಆಯುಧ ಮಾಡಿಕೊಂಡ. ಹಾಗಾದರೆ ಮೊದಲನೆಯದರಲ್ಲಿ ಬೆಂಟ್ಲಿಯ ಕಡೆಗೂ ಎರಡನೆಯದರಲ್ಲಿ ಸ್ವಿಫ್ಟನ ಕಡೆಗೂ ನಾವು ವಾಲುವುದೇಕೆ? ಫಲಾರಿಸನ ಪತ್ರಗಳ ವಿಷಯದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಅವನ್ನು ಬರೆದವರು ಯಾರು? ಅದಕ್ಕೆ ಸಾಕ್ಷ್ಯ ಮಾತ್ರ ಉತ್ತರ ಕೊಡಬಲ್ಲದು. ವುಡ್ ನಾಣ್ಯದ ವಿಷಯದಲ್ಲಿ ಎರಡು ಪ್ರಶ್ನೆಗಳಿದ್ದವು. ತಾಮ್ರ ಸರಿಯಾಗಿದೆಯೇ ಎಂಬುದು ಒಂದು. ಒಂದು ದೇಶದ ಜನರನ್ನು ಕೇಳದೆ ಅವರ ಜೇಬಿಗೆ ನಾಣ್ಯ ತುಂಬುವ ಹಕ್ಕು ಯಾರಿಗಿದೆ ಎಂಬುದು ಇನ್ನೊಂದು. ಲಂಡನ್ ಸರ್ಕಾರ ಮೊದಲನೆಯದಕ್ಕೆ ಉತ್ತರ ಕೊಟ್ಟು ಎರಡನೆಯದನ್ನು ಮುಚ್ಚಿಹಾಕಲು ನೋಡಿತು. ಸ್ವಿಫ್ಟನ ನಗೆ ಎರಡನೆಯದನ್ನು ಎತ್ತಿ ಹಿಡಿಯಿತು. ನ್ಯೂಟನನ ತಕ್ಕಡಿ ತಾಮ್ರವನ್ನು ತೂಗಬಲ್ಲದಾಗಿತ್ತು, ಸಮ್ಮತಿಯನ್ನಲ್ಲ.

1724ರ ಅಕ್ಟೋಬರಿನಲ್ಲಿ ಬಂದ ನಾಲ್ಕನೆಯ ಪತ್ರ ಐರ್ಲೆಂಡಿನ ಸಮಸ್ತ ಜನರನ್ನು ಉದ್ದೇಶಿಸಿದ್ದು. ಅದರಲ್ಲಿ ತಾಮ್ರದ ಮಾತು ಹಿಂದೆ ಸರಿದು, ಆಳಿಸಿಕೊಳ್ಳುವವರ ಒಪ್ಪಿಗೆಯಿಲ್ಲದ ಆಳ್ವಿಕೆ ಗುಲಾಮಗಿರಿಯೇ ಎಂಬ ವಾದ ಮುಂದೆ ಬಂತು. ಲಾರ್ಡ್ ಲೆಫ್ಟಿನೆಂಟ್ ಕಾರ್ಟರೆಟ್ ಕರ್ತೃವಿನ ಪತ್ತೆಗೆ 300 ಪೌಂಡ್ ಘೋಷಿಸಿದ. ಯಾರು ಬರೆದದ್ದೆಂದು ಡಬ್ಲಿನ್ನಿಗೇ ಗೊತ್ತಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಮುದ್ರಕ ಜಾನ್ ಹಾರ್ಡಿಂಗ್ ಸೆರೆಮನೆ ಸೇರಿದ. ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಲು ಒಪ್ಪಲಿಲ್ಲ. ವಿಟ್ಶೆಡ್ ಆ ಜ್ಯೂರಿಯನ್ನೇ ವಿಸರ್ಜಿಸಿದ. ಅದರ ಜಾಗಕ್ಕೆ ಬಂದ ಜ್ಯೂರಿ ವುಡ್ ನಾಣ್ಯ ಚಲಾಯಿಸುವವರ ವಿರುದ್ಧವೇ ನಿರ್ಣಯ ಮಾಡಿತು. 1725ರಲ್ಲಿ ಪರವಾನಗಿ ರದ್ದಾಯಿತು. ವುಡ್‌ಗೆ ಪರಿಹಾರವಾಗಿ ಪಿಂಚಣಿ ಸಿಕ್ಕಿತು. ಹಾರ್ಡಿಂಗ್ ಆ ವರ್ಷವೇ ತೀರಿಕೊಂಡ. ವಿಡಂಬನೆಯ ಗೆಲುವಿನ ಬೆಲೆಯನ್ನು ಎಷ್ಟೋ ಸಲ ಬರೆದವನಿಗಿಂತ ಮೊದಲು ಅಚ್ಚು ಹಾಕಿದವನು ತೆರುತ್ತಾನೆ ಎಂಬುದನ್ನು ಸ್ವಿಫ್ಟನ ಕೀರ್ತಿ ಹಾಡುವಾಗ ಮರೆಯಬಾರದು.

ನಾಲ್ಕು ವರ್ಷಗಳ ನಂತರ, 1729ರಲ್ಲಿ, ‘ಒಂದು ವಿನಮ್ರ ಸಲಹೆ’ ಪ್ರಕಟವಾಯಿತು. ಅದನ್ನು ಅಚ್ಚು ಹಾಕಿದವಳು ಹಾರ್ಡಿಂಗನ ವಿಧವೆ ಸಾರಾ. ಸತತ ಬೆಳೆನಾಶದಿಂದ ದೇಶ ಹಸಿದು ಕಂಗಾಲಾಗಿತ್ತು. ಆ ದಿನಗಳಲ್ಲಿ ರಾಷ್ಟ್ರದ ಸಮಸ್ಯೆಗಳನ್ನು ಅಂಕಿಗಳಲ್ಲಿ ಬಿಡಿಸುವ ‘ರಾಜಕೀಯ ಅಂಕಗಣಿತ’ ಬೆಳೆದಿತ್ತು. ಅದರ ಪ್ರವರ್ತಕ ವಿಲಿಯಂ ಪೆಟ್ಟಿ ಐರ್ಲೆಂಡಿನ ನೆಲವನ್ನು ಅಳೆದವನು, ಅಲ್ಲಿನ ಜನರ ಬೆಲೆಯನ್ನು ಹಣದಲ್ಲಿ ಲೆಕ್ಕ ಹಾಕಿದವನು. ಸ್ವಿಫ್ಟನ ನಿರೂಪಕ ಅದೇ ಶೈಲಿಯ ಸಜ್ಜನ, ದೇಶಹಿತೈಷಿ. ಜನಸಂಖ್ಯೆ ಹದಿನೈದು ಲಕ್ಷ. ಮಕ್ಕಳಾಗಬಲ್ಲ ದಂಪತಿಗಳು ಎರಡು ಲಕ್ಷ. ಸಾಕುವ ಶಕ್ತಿಯುಳ್ಳ 30,000 ಕಳೆ. ಗರ್ಭಪಾತಕ್ಕೆ, ಎಳೆಯ ಸಾವಿಗೆ 50,000 ಕಳೆ. ಉಳಿದದ್ದು ವರ್ಷಕ್ಕೆ 1,20,000 ಬಡಮಕ್ಕಳು. ಅದರಲ್ಲಿ 20,000 ಸಂತಾನಕ್ಕೆ ಇರಲಿ. ಉಳಿದ ಒಂದು ಲಕ್ಷವನ್ನು ವರ್ಷ ತುಂಬಿದಾಗ ಉಳ್ಳವರ ಊಟಕ್ಕೆ ಮಾರಬಹುದು. ಸಾಕುವ ಖರ್ಚು ಎರಡು ಶಿಲ್ಲಿಂಗ್, ಬೆಲೆ ಹತ್ತು, ತಾಯಿಗೆ ಎಂಟು ಶಿಲ್ಲಿಂಗ್ ಲಾಭ.

ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಕೂಡಿಸಿದ್ದು, ಕಳೆದದ್ದು ಎಲ್ಲ ಸರಿ. ಓದುಗನ ಮೈ ಜುಮ್ಮೆನ್ನುವುದು ಇದರಿಂದಲೇ. ಮನುಷ್ಯರನ್ನು ಎಣಿಕೆಯ ಸರಕೆಂದು ಒಮ್ಮೆ ಒಪ್ಪಿಕೊಂಡರೆ ಈ ಸಾಲು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಸ್ವಿಫ್ಟ್ ತೋರಿಸಿದ. ಇಲ್ಲಿ ಅವನು ಯಾವ ಸಾಕ್ಷ್ಯವನ್ನೂ ಅಲ್ಲಗಳೆಯುವುದಿಲ್ಲ, ಯಾವ ಒಬ್ಬ ವ್ಯಕ್ತಿಯನ್ನೂ ಕೆಡವುವುದಿಲ್ಲ. ಕೊನೆಯ ಭಾಗದಲ್ಲಿ ನಿರೂಪಕ ಬೇರೆ ಪರಿಹಾರಗಳನ್ನು ತನ್ನ ಮುಂದೆ ಎತ್ತಬೇಡಿ ಎಂದು ತಳ್ಳಿಹಾಕುತ್ತಾನೆ: ದೂರದಲ್ಲಿ ಕುಳಿತ ಭೂಮಾಲೀಕರ ಮೇಲೆ ತೆರಿಗೆ, ದೇಶದ ಬಟ್ಟೆಯನ್ನೇ ಬಳಸುವುದು, ಗೇಣಿದಾರರ ಮೇಲೆ ಕೊಂಚ ಕರುಣೆ. ಈ ಬಗೆಯ ಪರಿಹಾರಗಳನ್ನು ಸ್ವಿಫ್ಟ್ ವರ್ಷಗಳಿಂದ ತನ್ನ ಪುಸ್ತಿಕೆಗಳಲ್ಲಿ ಗಂಭೀರವಾಗಿ ಮುಂದಿಟ್ಟಿದ್ದ, ಆಳುವವರು ಕಿವಿಗೊಟ್ಟಿರಲಿಲ್ಲ. ಸರಳವಾದ ನ್ಯಾಯದ ಮಾತನ್ನು ವರ್ಷಗಟ್ಟಲೆ ಹೇಳಿ ಸೋತವನು ಕೊನೆಗೆ ಎತ್ತಿಕೊಂಡ ದಾರಿ ಅದು. ನೇರ ಮಾತಿನ ಶ್ರಮ ಹಿಂದೆ ಇದ್ದುದರಿಂದಲೇ ಆ ವಿಡಂಬನೆಗೆ ನೈತಿಕ ತೂಕ ಬಂತು.

ಈ ವಾದಕ್ಕೆ ಎರಡು ಆಕ್ಷೇಪಗಳು ಏಳಬಹುದು. ವಿದ್ವಾಂಸರ ಕೈಯಲ್ಲೂ ಅಧಿಕಾರವಿರುತ್ತದಲ್ಲ, ಅವರನ್ನು ನಗೆಯಿಂದ ಹೊರಗಿಡುವುದು ಸರಿಯೇ ಎಂಬುದು ಮೊದಲನೆಯದು. ಖಂಡಿತ ಹೊರಗಿಡಬಾರದು. ಇದೇ ಬೆಂಟ್ಲಿ 1700ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥನಾಗಿ, ದಶಕಗಳ ಕಾಲ ತನ್ನ ಸಹೋದ್ಯೋಗಿಗಳೊಡನೆ ಸರ್ವಾಧಿಕಾರಿಯಂತೆ ನಡೆದುಕೊಂಡು ನ್ಯಾಯಾಲಯದವರೆಗೆ ಜಗಳವಾಡಿದ. ಆ ದರ್ಪವನ್ನು ಯಾರು ಎಷ್ಟು ಹಣಿದರೂ ಸರಿಯೇ. ದರ್ಪ ನಗೆಗೀಡಾದ ಮಾತ್ರಕ್ಕೆ ಅವನ ಪ್ರಮಾಣ ಬಿದ್ದುಹೋಗುವುದಿಲ್ಲ ಎಂಬುದಷ್ಟೇ ನನ್ನ ಮಾತು. ವ್ಯಕ್ತಿಯ ಅಧಿಕಾರವನ್ನು ನಗು ಪ್ರಶ್ನಿಸಲಿ; ಅವನು ಮುಂದಿಟ್ಟ ಸಾಕ್ಷ್ಯಕ್ಕೆ ಸಾಕ್ಷ್ಯವೇ ಉತ್ತರವಾಗಲಿ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಐರ್ಲೆಂಡಿನ ಸಮಸ್ತ ಜನ ಎಂದು ಬರೆದವನ ಮನಸ್ಸಿನಲ್ಲಿ ನಿಜಕ್ಕೂ ಎಲ್ಲರೂ ಇದ್ದರೇ? ಇರಲಿಲ್ಲ. ದೇಶದ ಬಹುಸಂಖ್ಯಾತ ಕ್ಯಾಥೊಲಿಕರು ಆಗ ದಂಡನಾ ಕಾನೂನುಗಳ ಅಡಿಯಲ್ಲಿ ಆಸ್ತಿ, ವಿದ್ಯೆ, ಹುದ್ದೆಗಳ ಹಕ್ಕು ಕಳೆದುಕೊಂಡಿದ್ದರು. ಆಂಗ್ಲಿಕನ್ ಪಾದ್ರಿಯಾದ ಸ್ವಿಫ್ಟ್ ಆ ಕಾನೂನುಗಳ ವಿರುದ್ಧ ಹೋರಾಡಲಿಲ್ಲ. ಆಂಗ್ಲಿಕನ್ನರಲ್ಲದ ಪ್ರಾಟೆಸ್ಟೆಂಟರನ್ನು ಹುದ್ದೆಗಳಿಂದ ದೂರವಿಡುವ ಟೆಸ್ಟ್ ಕಾಯ್ದೆಯನ್ನಂತೂ ಗಟ್ಟಿಯಾಗಿ ಬೆಂಬಲಿಸಿದ. 1737ರಲ್ಲಿ ಡಬ್ಲಿನ್ನಿನ ಭಿಕ್ಷುಕರಿಗೆ ಬಿಲ್ಲೆ ತೊಡಿಸಿ ಹೊರಗಿನವರನ್ನು ಓಡಿಸಬೇಕೆಂದು ಬರೆದದ್ದೂ ಅವನೇ, ಅದೂ ನಿಜವಾಗಿ. ಬಡ ಕುಶಲಕರ್ಮಿಗಳಿಗೆ ತನ್ನದೇ 500 ಪೌಂಡ್ ನಿಧಿಯಿಂದ ಸಣ್ಣಸಣ್ಣ ಸಾಲ ಕೊಡುತ್ತಿದ್ದವನೂ, ಮನೋರೋಗಿಗಳ ಆಸ್ಪತ್ರೆಗೆ ಆಸ್ತಿ ಬರೆದಿಟ್ಟವನೂ ಇದೇ ಮನುಷ್ಯ. ಅವನ ಕರುಣೆಗೆ ಬೇಲಿಗಳಿದ್ದವು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಸಮ್ಮತಿಯಿಲ್ಲದ ಆಳ್ವಿಕೆ ಗುಲಾಮಗಿರಿ ಎಂಬ ವಾದಕ್ಕೆ ಬೇಲಿಯಿಲ್ಲ. ಸ್ವಿಫ್ಟ್ ಯಾರನ್ನು ಹೊರಗಿಟ್ಟನೋ ಅವರೂ ಅದನ್ನು ತಮ್ಮದೆಂದು ಎತ್ತಿಕೊಳ್ಳಬಹುದು; ಮುಂದಿನ ತಲೆಮಾರುಗಳ ಐರಿಷ್ ರಾಷ್ಟ್ರೀಯವಾದಿಗಳು ಎತ್ತಿಕೊಂಡರು ಕೂಡ. ಬೆಂಟ್ಲಿಯ ಮೇಲಿನ ನಗೆ ಬೆಂಟ್ಲಿಯೊಂದಿಗೆ ಮುಗಿಯುತ್ತದೆ. ವುಡ್ ನಾಣ್ಯದ ವಿರುದ್ಧದ ನಗೆ ಬರೆದವನ ಪೂರ್ವಗ್ರಹಗಳನ್ನೂ ದಾಟಿ ನಡೆಯುತ್ತದೆ.

ಈ ಹಳೆಯ ಜಗಳಗಳು ಇಂದು ನಮಗೆ ಮುಖ್ಯವಾಗುವುದಕ್ಕೆ ಕಾರಣವಿದೆ. ನಗೆ ಈಗ ಎಲ್ಲರ ಕೈಯಲ್ಲಿರುವ ಆಯುಧ. ಒಂದು ಮೀಮ್, ಅರ್ಧ ನಿಮಿಷದ ಅಣಕು ವಿಡಿಯೊ ಸಾಕು, ಸಂಶೋಧಕನೊಬ್ಬನ ವರ್ಷಗಳ ಕೆಲಸ ಊರ ತಮಾಷೆಯಾಗುತ್ತದೆ. ಪಾರ್ಟ್ರಿಜ್‌ನಂತೆ ಅವನು ತಾನು ಹೇಳಿದ್ದು ಬೇರೆ ಎಂದು ಕೂಗಿದರೂ ಕೇಳುವವರಿಲ್ಲ. ಇನ್ನೊಂದು ಕಡೆ, ಆಳುವವರನ್ನು ನಗೆಯಾಡಿದವರ ಮೇಲೆ ದೂರು, ಬಂಧನ. ಕೇಳಿದ ಪ್ರಶ್ನೆಯೊಂದು, ಅದಕ್ಕೆ ಉತ್ತರವಾಗಿ ಬರುವ ಅಂಕಿಅಂಶಗಳು ಇನ್ನೊಂದು. ಎರಡೂ ಒಂದೇ ಗೊಂದಲದ ಎರಡು ತುದಿಗಳು: ಸಾಕ್ಷ್ಯ ಬೇಕಾದಲ್ಲಿ ನಗೆ ನುಗ್ಗುತ್ತದೆ, ನಗೆ ಕೇಳಿದ ಹಕ್ಕಿನ ಪ್ರಶ್ನೆಯನ್ನು ಸಾಕ್ಷ್ಯದ ಕಾಗದದಿಂದ ಮುಚ್ಚಲಾಗುತ್ತದೆ.

ಆದ್ದರಿಂದ ಬರೆಯುವವರಿಗೂ ನಗುವವರಿಗೂ ನನ್ನ ಕೋರಿಕೆ ಇಷ್ಟು. ಯಾರನ್ನಾದರೂ ಅಣಕಿಸುವ ಮುನ್ನ, ಅಣಕವನ್ನು ಇನ್ನೊಬ್ಬರಿಗೆ ದಾಟಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ವಿಷಯವೇ? ಹೌದಾದರೆ ನಗೆಯನ್ನು ಬದಿಗಿಟ್ಟು ಸಾಕ್ಷ್ಯ ಓದಿ. ಈ ನಗೆಗೆ ಗುರಿಯಾದವನು ನನಗೆ ಉತ್ತರ ಕೊಡಬೇಕಾದ ಅಧಿಕಾರಸ್ಥನೇ? ಹೌದಾದರೆ ಹಿಂಜರಿಯಬೇಡಿ, ದೊಡ್ಡ ದನಿಯಲ್ಲಿ ನಗಿ. ಮತ್ತು ಹಾಗೆ ನಕ್ಕವನನ್ನು ಹಿಡಿದುಕೊಡಿ ಎಂದು ಘೋಷಣೆ ಹೊರಟಾಗ ಡಬ್ಲಿನ್ನಿನ ಜನರಂತೆ ಅವನ ಬೆನ್ನಿಗೆ ನಿಲ್ಲಿ. ಸ್ವಿಫ್ಟನನ್ನು ಆ ದಿನ ಉಳಿಸಿದ್ದು ಅವನ ಪ್ರತಿಭೆಯಲ್ಲ, ಅವನ ಓದುಗರು.